ಗಾನಸ್ಪರ್ಧೆಯೂ ಊರ ಅಭಿಮಾನವೂ

ಹಾಡೆಂಬುದು ಕೇಳಿ ತಣಿಯತಕ್ಕ ವಸ್ತುವೇ ಹೊರತು ತಕ್ಕಡಿಯಲ್ಲಿಟ್ಟು ತೂಗತಕ್ಕ ಸರಕಲ್ಲ. ಸಂಗೀತಕ್ಕೂ ಪಂದ್ಯಕ್ಕೂ ಏನು ಸಂಬಂಧ? ಹೀಗೆಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಬಹುಮಂದಿ ಇದ್ದಾರೆ. ದೂರದರ್ಶನದಲ್ಲಿ ಗಾನಸ್ಪರ್ಧೆ ಪ್ರಾರಂಭವಾಯಿತೆಂದರೆ ಅವರು ಎದ್ದು ಜಗಲಿಗೆ ಹೋಗಿ ಕುಳಿತುಬಿಡುತ್ತಾರೆ. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಕಲೆಯಲ್ಲಿ ಸ್ಪರ್ಧೆ ಕೂಡದೆಂದು ನಮ್ಮ ಪೂರ್ವಿಕರು ಎಂದೂ ಹೇಳಿದವರಲ್ಲ. ನಟವರ್ಗಗಳೊಳಗೆ ಜಯಾಪಜಯದ ಸಂಘರ್ಷ ಹುಟ್ಟಿದಾಗ ತೀರ್ಪು ಕೊಡತಕ್ಕವರನ್ನು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ‘ಪ್ರಾಶ್ನಿಕ’ರೆಂದು ಕರೆದು, ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಬಿಲ್ಗಾರ, ಚಿತ್ರಕಾರ, ಗಣಿಕೆ, ಗಾಯಕ, ರಾಜಸೇವಕ ಎಂದು ಹತ್ತು ತೆರದವರನ್ನು ಎಣಿಸಿರುವನು. ಒಬ್ಬೊಬ್ಬನು ತಾನು ಬಲ್ಲ ವಿಷಯದಲ್ಲಿಯೇ ಗುಣದೋಷಗಳನ್ನು ಹೇಳಬೇಕು. ಗೆದ್ದವರಿಗೆ ಪತಾಕೆ ಸಲ್ಲಬೇಕು. ಹೀಗೆ ಸ್ಪರ್ಧೆಯು ಶಾಸ್ತ್ರಸಮ್ಮತವೇ ಆಗಿದೆ. ಶಾಸ್ತ್ರಕಾರನನ್ನು ಚಿಂತೆಗೀಡುಮಾಡಿದುದು ತೂಗುವವನ ಕೈ.

ಈ ಚಿಂತೆ ನಮಗೂ ಒಮ್ಮೆ ಮನೆಬಾಗಿಲಿಗೆ ಬಂದೊದಗಿತು. ಅದನ್ನೇ ಇಲ್ಲಿ ವಾಚಕರ ಮುಂದಿಡಬೇಕೆಂದಿದ್ದೇವೆ.

2021ನೆಯ ಇಸವಿಯ ಮಳೆಗಾಲದ ಮಾತು. ಮಹಾಮಾರಿಯ ಎರಡನೆಯ ಅಲೆ ಇಳಿಯುತ್ತಿದ್ದರೂ ಭಯ ಇಳಿದಿರಲಿಲ್ಲ. ಶಾಲೆಗಳಲ್ಲಿ ಮಕ್ಕಳ ಸದ್ದಿಲ್ಲ. ಮದುವೆ, ಉತ್ಸವ, ಯಕ್ಷಗಾನಗಳೆಲ್ಲ ನಿಂತು ನಮ್ಮ ತೋಡಾರಿನಂತಹ ಊರುಗಳು ಸಂಜೆ ಆರಕ್ಕೇ ಮಲಗುತ್ತಿದ್ದುವು. ಅಂತಹ ಕಾಲದಲ್ಲಿ ಮನೆಮನೆಯನ್ನೂ ಎಚ್ಚರವಾಗಿಟ್ಟುದು ‘ಇಂಡಿಯನ್ ಐಡಲ್’ ಎಂಬ ಹಿಂದೀ ಗಾನಸ್ಪರ್ಧೆ. ಬ್ರಿಟನ್ ದೇಶದ ‘ಪಾಪ್ ಐಡಲ್’ ಎಂಬುದರ ಪಡಿಯಚ್ಚಾಗಿ ನಮ್ಮ ದೇಶದಲ್ಲಿ 2004ರಲ್ಲಿ ಆರಂಭವಾದ ಈ ಸ್ಪರ್ಧೆಯ ಹನ್ನೆರಡನೆಯ ಆವೃತ್ತಿಯಲ್ಲಿ ನಿಹಾಲ್ ತಾವ್ರೊ ಎಂಬ ಯುವಕರು ಸುತ್ತಿನಿಂದ ಸುತ್ತಿಗೆ ಏರುತ್ತಿದ್ದರು. ಅವರು ಮೂಡುಬಿದಿರೆಯ ಕಡೆಯವರು. ಕನ್ನಡದ ‘ಸರಿಗಮಪ’ದಲ್ಲಿ ಹಾಡಿ ಮೊದಲೇ ಹೆಸರಾಗಿದ್ದರೂ ಇಡೀ ದೇಶದ ಮುಂದೆ ನಿಲ್ಲುವುದು ಬೇರೆಯೇ ಸಂಗತಿ. ಮೂಡುಬಿದಿರೆಗೆ ಹೊಂದಿಕೊಂಡಿರುವ ನಮ್ಮಲ್ಲಿ ಅವರ ಮುಖವನ್ನೇ ಕಾಣದವರೂ ‘ನಮ್ಮ ಹುಡುಗ’ ಎನ್ನತೊಡಗಿದರು. ಕೊನೆಯ ಸುತ್ತಿಗೆ ಆರು ಮಂದಿ ಉಳಿದರು. ಆರರಲ್ಲಿ ನಮ್ಮವರು ಒಬ್ಬರು. ಬಸದಿಯ ಬೀದಿಯಲ್ಲಿಯೂ ಇಗರ್ಜಿಯ ಅಂಗಳದಲ್ಲಿಯೂ ಮೀನಿನ ಮಾರುಕಟ್ಟೆಯಲ್ಲಿಯೂ ಅದೇ ಮಾತು.

ನಮ್ಮ ನೆರೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಆಟೋರಿಕ್ಷಾ ಇಟ್ಟುಕೊಂಡು ಜೀವಿಸುತ್ತಾನೆ. ಊರ ಯುವಕಮಂಡಲಕ್ಕೆ ಅವನೇ ಪ್ರಾಣ. ಪ್ರತಿದಿನ ಬೆಳಗ್ಗೆ ನಮ್ಮ ಜಗಲಿಯಲ್ಲಿ ಕುಳಿತು ಪತ್ರಿಕೆ ಓದಿ ಹೋಗುವುದು ಅವನ ಬಹುಕಾಲದ ಪದ್ಧತಿ. ಕೊನೆಯ ಸುತ್ತಿಗೆ ಮತ ಹಾಕುವ ಕಾಲ ಬಂದಾಗ ಅವನು ಮನೆಮನೆಗೆ ತಿರುಗಿ, ಮೊಬೈಲಿನಲ್ಲಿ ಮತ ಹಾಕುವ ಕ್ರಮವನ್ನು ಮುದುಕರಿಗೂ ಕಲಿಸಿಕೊಟ್ಟನು. ಚುನಾವಣೆಯಲ್ಲಿ ಕೂಡ ಅಷ್ಟು ಶ್ರದ್ಧೆಯನ್ನು ನಾವು ಕಂಡಿಲ್ಲ.

ಆಗ ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. ತುಳು ಮನೆಮಾತು, ಕನ್ನಡ ಓದಿನ ಮಾತು. ಹಿಂದಿಯ ಒಂದಕ್ಷರವೂ ತಿಳಿಯದು. ಆದರೂ ಶನಿವಾರ ಆದಿತ್ಯವಾರಗಳ ರಾತ್ರಿ ಹಲಸಿನ ಹಪ್ಪಳದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಒಂದು ಹಾಡನ್ನೂ ಬಿಡದೆ ಕೇಳುತ್ತಿದ್ದರು. ಮಾತು ತಿಳಿಯದವರಿಗೆ ಸ್ವರ ಹೆಚ್ಚು ತಿಳಿಯುತ್ತದೋ ಏನೋ! ಉತ್ತರಾಖಂಡದ ಚಂಪಾವತದಿಂದ ಬಂದ ಪವನ್‌ದೀಪ್ ರಾಜನ್ ಎಂಬ ತರುಣನು ಒಂದು ದಿನ ಗಿಟಾರು, ಇನ್ನೊಂದು ದಿನ ತಾಳವಾದ್ಯ, ಮತ್ತೊಂದು ದಿನ ಕೀಲಿಮಣೆ ಎಂದು ಬೇರೆಬೇರೆ ವಾದ್ಯಗಳನ್ನು ತಾನೇ ನುಡಿಸುತ್ತ ಹಾಡುತ್ತಿದ್ದನು. ತಾಯಿಯವರು ಅವನನ್ನು ‘ಗುಡ್ಡದ ಹುಡುಗ’ ಎಂದು ಕರೆಯುತ್ತಿದ್ದರು. ಮನೆಯವರೆಲ್ಲರೂ ನಿಹಾಲರಿಗೆ ಮತ ಹಾಕಿ ಮುಗಿಸಿದ ಮೇಲೆ ಅವರು ತುಳುವಿನಲ್ಲಿ ನಮ್ಮನ್ನು ಕೇಳಿದುದನ್ನು ಕನ್ನಡಿಸಿದರೆ ಹೀಗಾಗುತ್ತದೆ:

“ಮಗಾ, ನಮ್ಮ ಹುಡುಗನಿಗೆ ಆಯಿತು. ಆ ಗುಡ್ಡದ ಹುಡುಗನಿಗೂ ನನ್ನದೊಂದು ಹಾಕಬಾರದೇ?”

ನಮ್ಮ ಮಗಳು ಥಟ್ಟನೆ, “ಅಜ್ಜಿ, ಅವನಿಗೆ ಹಾಕಿದರೆ ನಮ್ಮವರಿಗೆ ಹಾಕಿದ್ದು ದಂಡವಾಗುತ್ತದೆ. ಅವನ ಕಡೆಯವರು ನಮ್ಮವರಿಗೆ ಹಾಕುತ್ತಾರೆಯೇ?” ಎಂದಳು.

“ಅವರು ಹಾಕದಿದ್ದರೆ ಅವರಿಗೆ ಕಿವಿಯಿಲ್ಲ. ನನಗೆ ಇದೆಯಲ್ಲ!”

ಈ ಮಾತಿಗೆ ಮನೆಯಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ತಾಯಿಯವರ ಹೆಸರಿನ ಮೊಬೈಲಿನಿಂದ ಗುಡ್ಡದ ಹುಡುಗನಿಗೆ ಮತ ಹೋಯಿತು. ಅದನ್ನು ಒತ್ತಿಕೊಟ್ಟವರು ನಾವೇ.

ಆಗಸ್ಟ್ 15, ಸ್ವಾತಂತ್ರ್ಯದಿನ, ಆದಿತ್ಯವಾರ. ಮಧ್ಯಾಹ್ನ ಹನ್ನೆರಡಕ್ಕೆ ತೊಡಗಿದ ಅಂತಿಮ ಸುತ್ತು ನಡುರಾತ್ರಿಯವರೆಗೆ ಹನ್ನೆರಡು ಗಂಟೆ ನಡೆಯಿತು. ಆಟಿ ತಿಂಗಳ ಕೊನೆಯ ಮಳೆ. ವಿದ್ಯುತ್ತು ಎರಡು ಸಲ ಹೋಗಿ ಬಂತು. ಒಳಗೆ ಪತ್ರೊಡೆ ಬೇಯುತ್ತಿತ್ತು. ಪವನ್‌ದೀಪರು ಪ್ರಥಮ, ಬಂಗಾಳದ ಅರುಣಿತಾ ಕಾಂಜಿಲಾಲ್ ದ್ವಿತೀಯ, ನಮ್ಮ ನಿಹಾಲರು ಐದನೆಯವರು ಎಂದಾಯಿತು. ಇಡೀ ದೇಶದಲ್ಲಿ ಐದನೆಯವರೆಂದರೆ ಸಣ್ಣ ಮಾತೇ? ಆದರೆ ಮರುದಿನ ಊರಿನಲ್ಲಿ ಯಾರ ಮುಖದಲ್ಲಿಯೂ ಗೆಲುವಿರಲಿಲ್ಲ. ಈ ನಡುವೆ ನಮ್ಮ ಮಗಳು ಗೆಳತಿಯರಲ್ಲಿ ಅಜ್ಜಿಯ ಮತದ ಕಥೆಯನ್ನು ನಗೆಮಾತಾಗಿ ಹೇಳಿದ್ದಳು. ಅದು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗಿ, “ಮಾಸ್ಟ್ರ ಮನೆಯ ಓಟು ಉತ್ತರಾಖಂಡಕ್ಕೆ ಹೋಯಿತಂತೆ” ಎಂಬ ರೂಪದಲ್ಲಿ ನೆರೆಯ ಶಿಷ್ಯನ ಕಿವಿಗೆ ಬಿತ್ತು. ಮಾರನೆಯ ದಿನದಿಂದ ಅವನು ಪತ್ರಿಕೆ ಓದಲು ಬರಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ರಿಕ್ಷಾದ ಕನ್ನಡಿಯನ್ನು ಸರಿಪಡಿಸುವವನಂತೆ ಮುಖ ತಿರುಗಿಸಿಕೊಳ್ಳುತ್ತಿದ್ದನು. ನಮಗೆ ಇದು ಹಾಸ್ಯವಾಗಿ ತೋರಲಿಲ್ಲ. ಇಪ್ಪತ್ತು ವರ್ಷ ಜಗಲಿಗೆ ಬಂದವನು ಒಂದು ಮತಕ್ಕಾಗಿ ಬರುವುದನ್ನು ಬಿಡುವನೆಂದರೆ ಆ ಮತದ ಹಿಂದೆ ಹಾಡಿಗಿಂತ ದೊಡ್ಡದಾದ ಏನೋ ಇರಬೇಕಷ್ಟೆ.

ಆ ದಿನಗಳಲ್ಲಿ ನಮ್ಮ ಮಗಳೇ, ತನ್ನ ನಗೆಮಾತಿನಿಂದಾದ ಮನಸ್ತಾಪಕ್ಕೆ ಕೊಂಚ ಕುಗ್ಗಿದವಳಾಗಿ, ಯೂರೋಪಿನ ಒಂದು ಸ್ಪರ್ಧೆಯ ನಿಯಮವನ್ನು ನಮಗೆ ಓದಿ ಹೇಳಿದಳು. ಅದನ್ನು ಕೇಳಿದಂದಿನಿಂದ ಈ ವಿಷಯ ನಮ್ಮ ತಲೆಯನ್ನು ಬಿಟ್ಟಿಲ್ಲ.

ಯೂರೋಪಿನ ಪ್ರಸಾರಸಂಸ್ಥೆಗಳ ಒಕ್ಕೂಟವು ‘ಯೂರೋವಿಷನ್’ ಎಂಬ ಗಾನಸ್ಪರ್ಧೆಯನ್ನು 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಪಟ್ಟಣದಲ್ಲಿ ಪ್ರಾರಂಭಿಸಿತು. ಇಲ್ಲಿ ಒಬ್ಬೊಬ್ಬ ಗಾಯಕನೂ ಒಂದೊಂದು ದೇಶದ ಪರವಾಗಿ ನಿಲ್ಲುತ್ತಾನೆ. ಮೊದಲ ವರ್ಷ ಏಳು ದೇಶಗಳು, ಒಂದೊಂದಕ್ಕೆ ಎರಡೆರಡು ಹಾಡು. ತೀರ್ಪುಗಾರರು ಗುಟ್ಟಾಗಿ ಅಂಕ ಕೊಟ್ಟರು. ಸ್ವದೇಶದ ಹಾಡಿಗೂ ಕೊಡಬಹುದಾಗಿತ್ತು. ಲಕ್ಸೆಂಬರ್ಗ್ ದೇಶದ ತೀರ್ಪುಗಾರರು ಬಾರದೆ ಇದ್ದುದರಿಂದ ಅವರ ಪಾಲಿನ ಮತವನ್ನೂ ಆತಿಥೇಯರಾದ ಸ್ವಿಸ್ಸರೇ ಹಾಕಿದರು. ಗೆದ್ದವರು ಯಾರೆಂದು ವಾಚಕರು ಊಹಿಸಬಹುದು: ಸ್ವಿಟ್ಜರ್ಲೆಂಡಿನ ಲಿಸ್ ಆಸಿಯಾ. ಆಕೆಯ ಹಾಡು ಉತ್ತಮವಾಗಿಯೇ ಇದ್ದೀತು. ಆದರೆ ಆ ಅಂಕಪಟ್ಟಿ ಇಂದಿನವರೆಗೂ ಪ್ರಕಟವಾಗಿಲ್ಲ. 1957ರಿಂದ ನಿಯಮ ಬದಲಾಯಿತು. ಯಾವ ದೇಶವೂ ತನ್ನ ಹಾಡಿಗೆ ತಾನು ಮತ ಹಾಕಕೂಡದು. 1997ರಿಂದೀಚೆಗೆ ಮನೆಯಲ್ಲಿ ಕುಳಿತವರಿಗೂ ದೂರವಾಣಿಯ ಮೂಲಕ ಮತದ ಹಕ್ಕು ಬಂದಾಗಲೂ ಈ ನಿಯಮ ಹಾಗೆಯೇ ಉಳಿಯಿತು.

ಸ್ವಾರಸ್ಯವನ್ನು ಗಮನಿಸಬೇಕು. ಅಲ್ಲಿ ಒಬ್ಬ ಗೃಹಸ್ಥನು ತನ್ನ ದೇಶದ ಹಾಡಿಗಾಗಿ ಚಪ್ಪಾಳೆ ತಟ್ಟಬಹುದು, ಪತಾಕೆ ಬೀಸಬಹುದು. ಆದರೆ ಮತ ಹಾಕಬೇಕೆಂದಾಗ ಅನ್ಯರ ಹಾಡುಗಳನ್ನು ಕಿವಿಗೊಟ್ಟು ಕೇಳಿದ ಹೊರತು ಅವನಿಗೆ ಬೇರೆ ಉಪಾಯವಿಲ್ಲ. ನಾವು ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಕಳೆದವರಾದುದರಿಂದ ಈ ನಿಯಮದ ಮರ್ಮ ನಮಗೆ ಬೇಗನೆ ತಿಳಿಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಆ ಶಾಲೆಯ ಉಪಾಧ್ಯಾಯರಿಗೇ ತಿದ್ದಲು ಕೊಡುವುದುಂಟೇ? ಉಪಾಧ್ಯಾಯರು ಅಪ್ರಾಮಾಣಿಕರೆಂದು ಹೀಗೆ ಮಾಡಿದುದಲ್ಲ. ತಾನು ಕಲಿಸಿದ ಹುಡುಗನ ಅಕ್ಷರವನ್ನು ಕಂಡೊಡನೆ ಅವನು ಬರೆಯದೆ ಬಿಟ್ಟುದೂ ಬರೆದಂತೆ ಕಾಣುತ್ತದೆ. ಅದು ಪ್ರೀತಿಯ ಗುಣ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ಜಗಳವಾದಾಗ ಒಬ್ಬನಿಗೆ ರಾಣಿಯ ಒಲವು, ಇನ್ನೊಬ್ಬನಿಗೆ ರಾಜನ ಒಲವು ಇರುವುದರಿಂದ ಸಂನ್ಯಾಸಿನಿಯಾದ ಕೌಶಿಕಿಯನ್ನು ಮಧ್ಯಸ್ಥಳನ್ನಾಗಿ ಮಾಡಿದುದೂ ಇದಕ್ಕಾಗಿಯೇ. (ಆ ಮಧ್ಯಸ್ಥಿಕೆಯೊಳಗೂ ಒಂದು ಒಳಸಂಚು ಇದ್ದುದನ್ನು ನಾಟಕ ಓದಿದವರು ಬಲ್ಲರು, ಪ್ರಕೃತಕ್ಕೆ ಅದು ಬೇಡ.)

ಇನ್ನು, ದೇಶವೊಂದು ಹಾಡಿನ ಸ್ಪರ್ಧೆಯಲ್ಲಿ ‘ಭಾಗವಹಿಸಿತು’ ಎಂದರೆ ಅರ್ಥವೇನು? ಗಾಯಕನು ಆ ದೇಶದವನಾಗಬೇಕೇ, ಭಾಷೆ ಆ ದೇಶದ್ದಾಗಬೇಕೇ? ಮೇಲೆ ಹೇಳಿದ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶವು 1961ರಿಂದ 1983ರೊಳಗೆ ಐದು ಬಾರಿ ಈ ಸ್ಪರ್ಧೆಯನ್ನು ಗೆದ್ದಿತು. ಗೆದ್ದುಕೊಟ್ಟವರಲ್ಲಿ ನಾಲ್ವರು ಫ್ರಾನ್ಸಿನವರು, ಒಬ್ಬಾಕೆ ಗ್ರೀಸಿನವಳು. ಲಕ್ಸೆಂಬರ್ಗಿನವರು ಒಬ್ಬರೂ ಇಲ್ಲ! ಭಾಷೆಯ ವಿಷಯದಲ್ಲಿಯೂ ಅವರಿಗೆ ಒಂದೇ ಮನಸ್ಸಿರಲಿಲ್ಲ. 1966ರಿಂದ ಸ್ವದೇಶದ ಭಾಷೆಯಲ್ಲಿಯೇ ಹಾಡಬೇಕೆಂಬ ಕಟ್ಟು ಬಂತು, 1973ರಲ್ಲಿ ಸಡಿಲಾಯಿತು, 1977ರಲ್ಲಿ ಮತ್ತೆ ಬಿಗಿಯಾಯಿತು, 1999ರಿಂದ ಯಾವ ಭಾಷೆಯಾದರೂ ಆಗಬಹುದೆಂದಾಯಿತು. ಆಮೇಲೆ ಬಹುಮಂದಿ ಇಂಗ್ಲಿಷಿಗೆ ಹೊರಳಿದರು. 2003ರಲ್ಲಿ ಬೆಲ್ಜಿಯಮಿನವರು ಮಾತ್ರ ಲೋಕದಲ್ಲಿ ಎಲ್ಲಿಯೂ ಇಲ್ಲದ, ತಾವೇ ಕಲ್ಪಿಸಿದ ಒಂದು ಭಾಷೆಯಲ್ಲಿ ಹಾಡಿ, ಕೇವಲ ಎರಡು ಅಂಕಗಳಿಂದ ತುರ್ಕಿಗೆ ಸೋತು ಎರಡನೆಯವರಾದರು. ಇದನ್ನು ಕೇಳಿ ನಗುವವರಿದ್ದಾರೆ. ನಮಗೆ ನಗೆ ಬರಲಿಲ್ಲ. ಸಾಮಗಾನದಲ್ಲಿ ‘ಸ್ತೋಭ’ಗಳೆಂಬ ಅರ್ಥವಿಲ್ಲದ ಅಕ್ಷರಗಳು ಉಂಟಷ್ಟೆ, ಅವುಗಳಿಲ್ಲದೆ ಸಾಮವೇ ಇಲ್ಲ. ನಮ್ಮ ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರು ಪಾಡ್ದನದ ನಡುನಡುವೆ ಎಳೆಯುವ ಡೆನ್ನಾನಕ್ಕೆ ಯಾವ ನಿಘಂಟಿನಲ್ಲಿ ಅರ್ಥ ಹುಡುಕೋಣ? ಹಿಂದಿ ಬಾರದ ನಮ್ಮ ತಾಯಿಯವರು ಹಿಂದೀ ಹಾಡನ್ನು ತೂಗಿದುದೂ ಆ ದಾರಿಯಿಂದಲೇ ಇರಬೇಕು.

ಸ್ವಭಾಷೆಯನ್ನು ಬಿಡದೆ ಗೆದ್ದವರೂ ಇಲ್ಲದಿಲ್ಲ. ಪೋರ್ತುಗಾಲ್ ದೇಶವು 1964ರಲ್ಲಿ ಮೊದಲು ಈ ಸ್ಪರ್ಧೆಗೆ ಹೋದಾಗ ಸಿಕ್ಕಿದುದು ಶೂನ್ಯ ಅಂಕ. ಅರ್ಧ ಶತಮಾನಕ್ಕೂ ಮಿಕ್ಕಿ ಸೋಲುತ್ತ ಬಂದರೂ ಅದು 2017ರಲ್ಲಿ ಸಾಲ್ವದೋರ್ ಸೊಬ್ರಾಲ್ ಎಂಬ ಗಾಯಕನನ್ನು ಕಳುಹಿಸಿತು. ಅಕ್ಕ ಲೂಯಿಸಾ ಬರೆದುಕೊಟ್ಟ ಹಾಡನ್ನು ಅವನು ಪೋರ್ತುಗೀಸ್ ಭಾಷೆಯಲ್ಲಿಯೇ, ಕುಣಿತ ಬೆಳಕುಗಳ ಆರ್ಭಟವಿಲ್ಲದೆ, ಮೆಲ್ಲಗೆ ಹಾಡಿ 758 ಅಂಕ ಪಡೆದನು. ಸ್ವದೇಶದವರು ಒಂದು ಅಂಕವನ್ನೂ ಕೊಡುವಂತಿರಲಿಲ್ಲವೆಂಬುದನ್ನು ನೆನೆಯಿರಿ. ಆ 758ರಲ್ಲಿ ಪ್ರತಿಯೊಂದೂ ಅವನ ಮಾತು ತಿಳಿಯದ ಊರಿನಿಂದ ಬಂದುದು. ನಮ್ಮ ಕಡೆಯ ಕ್ರೈಸ್ತ ಬಂಧುಗಳ ಕುಲನಾಮಗಳು ಬಹುಮಟ್ಟಿಗೆ ಆ ಪೋರ್ತುಗಾಲಿನಿಂದಲೇ ಬಂದುವು. ಅಂತಹ ಹೆಸರನ್ನು ಹೊತ್ತು, ತುಳು, ಕೊಂಕಣಿ, ಕನ್ನಡ, ಬ್ಯಾರಿ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುವ ಊರಿನಿಂದ ಹೋದ ನಿಹಾಲರು ಗೆಲ್ಲಬೇಕಾದುದು ಹಿಂದಿಯಲ್ಲಿ. ಇದರಲ್ಲಿ ಅವರ ದೋಷವೇನೂ ಇಲ್ಲ. ಸ್ಪರ್ಧೆಯ ಕಟ್ಟೇ ಹಾಗೆ. ನಮ್ಮ ನೆರೆಯವರು ಅವರ ಹಾಡಿಗೆ ಮತ ಹಾಕಿದುದಕ್ಕಿಂತ, ಹಾಡಿನಲ್ಲಿ ಕೇಳಿಬಾರದೆ ಉಳಿದ ನಮ್ಮೂರಿಗೆ ಮತ ಹಾಕಿದರೆಂದೇ ನಮಗೆ ತೋರುತ್ತದೆ. ಶಿಷ್ಯನ ಮುನಿಸು ಆಗ ನಮಗೆ ಸ್ವಲ್ಪ ಅರ್ಥವಾಯಿತು.

ಸ್ವಂತಕ್ಕೆ ಮತ ಹಾಕಬಾರದೆಂಬ ಕಟ್ಟಳೆಯಿಂದ ಎಲ್ಲವೂ ನೆಟ್ಟಗಾಗುವುದೆಂದು ನಾವು ಹೇಳುವುದಿಲ್ಲ. ಗ್ರೀಸಿನವರೂ ಸೈಪ್ರಸಿನವರೂ ವರ್ಷವರ್ಷವೂ ಒಬ್ಬರಿಗೊಬ್ಬರು ಹನ್ನೆರಡು ಅಂಕಗಳ ಪೂರ್ಣಾಹುತಿ ಕೊಟ್ಟುಕೊಳ್ಳುವುದು ಅಲ್ಲಿ ಗಾದೆಯಾಗಿಬಿಟ್ಟಿದೆ. ತನಗೆ ಹಾಕಲಾಗದವನು ತಮ್ಮನಿಗೆ ಹಾಕುತ್ತಾನೆ! ಕೇವಲ ದೂರವಾಣಿಯ ಮತದಿಂದ ಹೀಗಾಗುವುದೆಂದು 2009ರಿಂದ ಬಲ್ಲವರ ಮಂಡಲಿಯನ್ನೂ ಸೇರಿಸಿಕೊಂಡರು. ಭರತಮುನಿಯ ಪ್ರಾಶ್ನಿಕರು ಹೀಗೆ ಬೇರೆ ವೇಷದಲ್ಲಿ ಮರಳಿ ಬಂದರೆನ್ನಬೇಕು.

ಆದರೆ ಕಟ್ಟಳೆಯೇ ಇಲ್ಲದಿದ್ದರೆ ಅಭಿಮಾನವು ಎಲ್ಲಿಯವರೆಗೆ ಹರಿಯಬಲ್ಲುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. ಇದೇ ‘ಇಂಡಿಯನ್ ಐಡಲ್’ನ ಮೂರನೆಯ ಆವೃತ್ತಿಯಲ್ಲಿ, 2007ರ ಸೆಪ್ಟೆಂಬರಿನಲ್ಲಿ, ಕೊನೆಗೆ ಉಳಿದವರು ದಾರ್ಜಿಲಿಂಗಿನ ಪ್ರಶಾಂತ ತಮಾಂಗ್ ಮತ್ತು ಶಿಲ್ಲಾಂಗಿನ ಅಮಿತ್ ಪಾಲ್. ತಮಾಂಗರು ಕಲ್ಕತ್ತೆಯ ಪೋಲೀಸ್ ಪಡೆಯಲ್ಲಿ ಕಾನ್‌ಸ್ಟೇಬಲರಾಗಿದ್ದವರು. ದಾರ್ಜಿಲಿಂಗಿನ ಬೆಟ್ಟಗಳಲ್ಲಿ ಅವರಿಗಾಗಿ ಅಭಿಮಾನಿಸಂಘಗಳು ಎದ್ದು, ಹಣ ಕೂಡಿಸಿ, ಹಗಲಿರುಳು ಮತ ಹಾಕಿಸಿದುವು; ತಮಾಂಗರು ಗೆದ್ದರು. ಗೆದ್ದ ಮೇಲೆ ಆಕಾಶವಾಣಿಯ ಖಾಸಗಿ ನಿಲಯವೊಂದರ ನಿರೂಪಕನು ಆಡಿದ ಹಗುರವಾದ ಮಾತಿನಿಂದ ಸಿಲಿಗುರಿಯಲ್ಲಿ ದೊಂಬಿಯೇ ಆಗಿಹೋಯಿತು. ಆ ಮತಪ್ರಚಾರದ ಮುಂದಾಳುಗಳಲ್ಲಿ ಒಬ್ಬರಾದ ಬಿಮಲ್ ಗುರುಂಗರು ಅದೇ ಅಕ್ಟೋಬರಿನಲ್ಲಿ ಗೋರ್ಖಾ ಜನಮುಕ್ತಿ ಮೋರ್ಚಾ ಎಂಬ ರಾಜಕೀಯ ಪಕ್ಷವನ್ನು ಕಟ್ಟಿ ಪ್ರತ್ಯೇಕ ರಾಜ್ಯಕ್ಕಾಗಿ ಚಳವಳಿ ಹೂಡಿದರು. ಹಾಡಿನ ಮತಪೆಟ್ಟಿಗೆಯಿಂದ ಪಕ್ಷವೊಂದು ಹೊರಬಂದುದನ್ನು ಯಾವ ಪ್ರಾಚೀನ ಶಾಸ್ತ್ರಕಾರನೂ ಊಹಿಸಿರಲಾರನು. ಬಹುಕಾಲ ಯಾರೂ ಕೇಳದೆ ಉಳಿದ ಜನರು, ತಮ್ಮವನೊಬ್ಬನ ಧ್ವನಿ ದೇಶಕ್ಕೆಲ್ಲ ಕೇಳಿದಾಗ, ಅದರ ಹಿಂದೆ ತಮ್ಮ ಧ್ವನಿಯನ್ನೂ ಎತ್ತಿದರು. ಅದನ್ನು ತಪ್ಪೆನ್ನಲು ನಮಗೆ ಬಾಯಿ ಬಾರದು. ಆದರೆ ಆ ಗದ್ದಲದಲ್ಲಿ ಅಮಿತ್ ಪಾಲರ ಹಾಡನ್ನು ಬೆಟ್ಟದವರೂ, ತಮಾಂಗರ ಹಾಡನ್ನು ಶಿಲ್ಲಾಂಗಿನವರೂ ಎಷ್ಟು ಮಂದಿ ಕೇಳಿದರು?

ನಮ್ಮ ಕರಾವಳಿಯಲ್ಲಿ ಜೋಡಾಟವೆಂಬ ಪದ್ಧತಿ ಇದೆ. ಎರಡು ಯಕ್ಷಗಾನ ಮೇಳಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಏಕಕಾಲದಲ್ಲಿ ಆಡುತ್ತವೆ. ಚೆಂಡೆಗೆ ಚೆಂಡೆ, ಪದಕ್ಕೆ ಪದ. ಅಂಕವಿಲ್ಲ, ಮತವಿಲ್ಲ. ತನ್ನ ಮೇಳದ ಅಭಿಮಾನದಿಂದ ಬಂದು ಒಂದು ಕಡೆ ಕುಳಿತವನು ನಡುರಾತ್ರಿಯಲ್ಲಿ ಪಕ್ಕದ ಭಾಗವತರ ಏರುಪದ ಕಿವಿಗೆ ಬಿದ್ದೊಡನೆ ಕುಳಿತಲ್ಲಿಂದಲೇ ಅತ್ತ ತಿರುಗುತ್ತಾನೆ. ಚಿಕ್ಕಂದಿನಲ್ಲಿ ನಮ್ಮ ತಂದೆಯವರೇ ಹಾಗೆ ತಿರುಗಿದುದನ್ನು ನಾವು ಕಂಡಿದ್ದೇವೆ. ಮರುದಿನ ಅವರೊಡನೆ ಯಾರೂ ಮಾತು ಬಿಡಲಿಲ್ಲ. ಎರಡು ರಂಗಸ್ಥಳಗಳೂ ಕಣ್ಣೆದುರಿಗೇ ಇರುವಾಗ ಪರರದನ್ನು ಕೇಳದಿರುವುದು ಸಾಧ್ಯವೇ ಇಲ್ಲವಷ್ಟೆ. ಹದಿನಾರನೆಯ ಶತಮಾನದಲ್ಲಿ ಇದೇ ಮೂಡುಬಿದಿರೆಯಲ್ಲಿದ್ದ ರತ್ನಾಕರವರ್ಣಿಯು ಭರತೇಶವೈಭವವನ್ನು ಹಾಡಲು ಅನುಕೂಲವಾದ ಸಾಂಗತ್ಯದಲ್ಲಿ ರಚಿಸುವಾಗ, ಕನ್ನಡಿಗರೂ ತೆಲುಗರೂ ತುಳುವರೂ ತಂತಮ್ಮ ನುಡಿಗಳಲ್ಲಿ ಅದನ್ನು ಮೆಚ್ಚಬೇಕೆಂದು ಬಯಸಿದನು. ತನ್ನವರ ತಲೆದೂಗುವಿಕೆಯೊಂದೇ ಅವನಿಗೂ ಸಾಲದಾಗಿತ್ತು.

ಇತ್ತ ನೆರೆಯ ಶಿಷ್ಯನ ಮೌನ ಎರಡೂವರೆ ತಿಂಗಳು ನಡೆಯಿತು. “ಅವನೇಕೆ ಪೇಪರು ಓದಲು ಬರುವುದಿಲ್ಲ?” ಎಂದು ತಾಯಿಯವರು ಎರಡು ಮೂರು ಸಲ ಕೇಳಿದರು, ನಾವು ಏನೋ ಹೇಳಿ ಮರೆಸಿದೆವು. ದೀಪಾವಳಿಯ ಹೊತ್ತಿಗೆ ಒಂದು ರಾತ್ರಿ ಅವರಿಗೆ ಉಸಿರಿನ ತೊಂದರೆ ಕಾಣಿಸಿತು. ಮಗಳು ಯಾರನ್ನೂ ಕೇಳದೆ ಓಡಿಹೋಗಿ ಅವನ ಬಾಗಿಲು ತಟ್ಟಿದಳು. ಅವನು ಹಾಕಿದ ಬಟ್ಟೆಯಲ್ಲಿಯೇ ಬಂದು, ತಾಯಿಯವರನ್ನು ಎತ್ತಿ ರಿಕ್ಷಾದಲ್ಲಿ ಕುಳ್ಳಿರಿಸಿ, ಆಸ್ಪತ್ರೆಗೆ ಸೇರಿಸಿ, ಬೆಳಗಿನವರೆಗೂ ಅಲ್ಲಿಯೇ ಕುಳಿತನು. ಮತದ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅವರು ಮನೆಗೆ ಮರಳಿದ ಮರುದಿನದಿಂದ ಪತ್ರಿಕೆಯ ಓದು ಮತ್ತೆ ತೊಡಗಿತು. ತಾಯಿಯವರು ಮುಂದಿನ ವರ್ಷ ತೀರಿಕೊಂಡರು.

ನಾವು ನಿವೃತ್ತರಾದ ಮೇಲೆ ಯುವಕಮಂಡಲದವರು ಮೊಸರುಕುಡಿಕೆಯ ಸಂಭ್ರಮಕ್ಕೆಂದು ನಾಲ್ಕು ಊರುಗಳ ಜಾನಪದಗೀತೆಯ ಸ್ಪರ್ಧೆಯನ್ನು ಇರಿಸಿದರು. ಶಿಷ್ಯನು ಬಂದು ತೀರ್ಪಿಗೆ ನಮ್ಮನ್ನೇ ಕರೆದನು. ಒಂದು ಷರತ್ತಿನ ಮೇಲೆ ಒಪ್ಪಿದೆವು: ಊರಿಗೆ ಇಬ್ಬರಂತೆ ಎಂಟು ಮಂದಿ ಅಂಕ ಕೊಡಬೇಕು, ಆದರೆ ಯಾರೂ ತಮ್ಮೂರ ತಂಡಕ್ಕೆ ಕೊಡಕೂಡದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಮಕ್ಕಳಿಗೆ ಯಾರು ಕೊಡುವುದು ಮಾಸ್ಟ್ರೇ?” ಎಂದನು. “ಉಳಿದ ಆರು ಮಂದಿ” ಎಂದೆವು. “ಅವರು ಕೊಡದಿದ್ದರೆ?” ಈ ಪ್ರಶ್ನೆಗೆ ನಮ್ಮಲ್ಲಿ ಶಾಸ್ತ್ರಾಧಾರವಿರಲಿಲ್ಲ. ಆದರೂ ಅವನು ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿದನು.

ಆ ರಾತ್ರಿ ತೋಡಾರಿನ ತಂಡ ಎರಡನೆಯದಾಯಿತು. ಮೊದಲ ಬಹುಮಾನ ನೆರೆಯೂರಿನ ಇಬ್ಬರು ಗದ್ದೆಕೆಲಸದ ಹೆಂಗಸರಿಗೆ ಹೋಯಿತು. ವಾದ್ಯವಿಲ್ಲ, ಧ್ವನಿವರ್ಧಕದ ಮುಂದೆ ನಿಂತು ಅಭ್ಯಾಸವಿಲ್ಲ. ಒಬ್ಬಾಕೆ ಎತ್ತಿಕೊಡುವುದು, ಇನ್ನೊಬ್ಬಾಕೆ ಡೆನ್ನಾನ ಹಿಡಿಯುವುದು. ಏಳು ನಿಮಿಷಕ್ಕೆ ಗಂಟೆ ಬಾರಿಸಿದುದರಿಂದ ಅವರ ಪಾಡ್ದನ ನಡುವಿನಲ್ಲಿಯೇ ಕಡಿದುಹೋಗಿತ್ತು. ಬಹುಮಾನ ಹಂಚಿ, ಜನ ಏಳುವ ಹೊತ್ತಿಗೆ ಶಿಷ್ಯನು ವೇದಿಕೆಗೆ ಹತ್ತಿ, “ಕಥೆ ಅರ್ಧಕ್ಕೆ ನಿಂತಿತಲ್ಲ ಅಕ್ಕಾ, ಉಳಿದುದನ್ನು ಹೇಳಿ” ಎಂದು ಆ ಹೆಂಗಸರನ್ನು ಮತ್ತೆ ಕರೆದನು. ಧ್ವನಿವರ್ಧಕದವನು ಗೊಣಗುತ್ತಿದ್ದಂತೆಯೇ ಅವರು ಹಾಡಿ ಮುಗಿಸಿದಾಗ ಹನ್ನೊಂದೂವರೆ ಗಂಟೆ ದಾಟಿತ್ತು.